ಧನಿಯ ಪುಟ ಓದಿದ ಹುಡುಗಿ

ನಾನು ಮಾಸ್ಟ್ರಾಗುವ ಮೊದಲೇ ವ್ಯಾಪಾರಿ. ಬೇಸಿಗೆ ರಜೆಯಲ್ಲಿ ಪುತ್ತೂರಿನಲ್ಲಿ ಪಾಸಾದವರ ಹಳೆಯ ಪುಸ್ತಕ ಕೊಂಡು, ಬೆನ್ನು ಕಿತ್ತುಹೋದದ್ದಕ್ಕೆ ಗೋಂದು ಹಚ್ಚಿ, ಸುಳ್ಯದಲ್ಲಿ ಮಾರಿ ಓದಿದವ. ಚೌಕಾಸಿಗೆ ಕೂತಾಗ ಎದುರಿನವನ ಕಷ್ಟಸುಖವನ್ನು ಅವನಿಗಿಂತ ಚೆನ್ನಾಗಿ ತಿಳಿದಿರಬೇಕು, ನಮ್ಮ ಮನಸ್ಸಿನ ಬೆಲೆಯನ್ನು ಮಾತ್ರ ಬಾಯಿಬಿಡಬಾರದು. ಆ ಕೆಲಸ ನನಗೆ ಕಲಿಸಿದ ಬುದ್ಧಿ ಇದು. ಕಡಬದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠಕ್ಕೆ ಸೇರಿದ ಮೇಲೆ ಇದನ್ನೇ ಮಕ್ಕಳಿಗೂ ದಾಟಿಸಬೇಕು ಅಂತ ಹಟ ಹಿಡಿಯಿತು.

ಅದಕ್ಕೆ ತಕ್ಕ ಮಾಲು ಮಂಗಳೂರಿನ ಒಂದು ಅಂಗಡಿಯ ಅಟ್ಟದಲ್ಲಿ ಸಿಕ್ಕಿತು. ತೆಳು ಪುಸ್ತಕಗಳ ಒಂದು ಕಟ್ಟು. ಒಂದೊಂದರಲ್ಲಿ ಒಂದೊಂದು ತಕರಾರು: ಪಾನನಿರೋಧ ಇರಬೇಕೆ, ಇಂಗ್ಲಿಷ್ ಹೋಗಬೇಕೆ, ಉಳುವ ಒಕ್ಕಲಿಗೇ ಭೂಮಿ ಸಿಗಬೇಕೆ. ಎಡಗಡೆ ಪುಟದಲ್ಲಿ ಬೇಕೆನ್ನುವವರ ವಾದ, ಬಲಗಡೆ ಬೇಡವೆನ್ನುವವರದ್ದು, ಅಳೆದು ಹಾಕಿದ ಹಾಗೆ ಸಮ ಸಮ. ಅಂಗಡಿಯವನ ಮುಖ ನೋಡಿದಾಗಲೇ ಮಾರಿಹೋಗದ ಸರಕು ಅಂತ ಗೊತ್ತಾಯಿತು. ಒಂದು ಪೆಟ್ಟಿಗೆ ಸೀಮೆಸುಣ್ಣವನ್ನು ಮೇಲಿಂದ ಹಾಕಿಸಿಕೊಂಡೇ ಕಟ್ಟು ಎತ್ತಿದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ದೊಡ್ಡ ಮಕ್ಕಳನ್ನು ಕೂರಿಸಿ ಅವನ್ನು ಓದಿಸುತ್ತಿದ್ದೆ. ಸೇವೆ ಅಂತ ಎಲ್ಲರೂ ಹೊಗಳಿದರು. ನಿಜ ಹೇಳುದಾದರೆ, ಜೀಪು ನಿಲ್ಲುವಲ್ಲಿಯ ಅಂಗಡಿಯ ಮಾಳಿಗೆಯ ಒಂಟಿ ಕೋಣೆ ನನ್ನದು. ಮಕ್ಕಳು ಹೋದರೆ ಸೋಮವಾರದವರೆಗೆ "ಒಂದು ಚಾ" ಎನ್ನುದು ಬಿಟ್ಟು ನನ್ನ ಬಾಯಿಗೆ ಬೇರೆ ಕೆಲಸವಿರಲಿಲ್ಲ. ಅವರು ಇನ್ನೊಂದು ಗಂಟೆ ಜಗಳಾಡುತ್ತ ಕೂತಿರಲಿ ಅಂತ ನನಗೇ ಆಸೆ.

ನನ್ನ ನಿಯಮ ಒಂದೇ: ಅವರವರ ಮನೆಯ ಪಕ್ಷವನ್ನು ಅವರವರು ಓದಬಾರದು. ಶೇಂದಿ ತೆಗೆಯುವವರ ಮನೆಯ ಹುಡುಗ ಪಾನನಿರೋಧದ ಪರ ಗಂಟಲು ಹರಿದುಕೊಂಡಾಗ ಹಿಂದಿನ ಬೆಂಚಿನವ, "ಇವತ್ತು ನಿನಗೆ ಮನೆಯಲ್ಲಿ ಅನ್ನ ಇಲ್ಲ ಮಾರಾಯ" ಅಂತ ಕೂಗಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆ ತರಗತಿಯಲ್ಲಿ ಒಬ್ಬಳು ಹುಡುಗಿ, ಚಾಲಗೇಣಿ ಒಕ್ಕಲಿನ ಮಗಳು. ಅವರ ಒಕ್ಕಲು ಮನೆಗಳ ಕಡೆಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಎಸ್ಸೆಸ್ಸೆಲ್ಸಿಗೆ ಇನ್ನೊಂದೇ ವರ್ಷ. ಚಾಲಗೇಣಿಗೆ ಕಾಗದ ಪತ್ರವಿಲ್ಲ. ಹೊಸ ವರ್ಷದ ಬಿಸು ಹಬ್ಬದ ದಿನ ಒಕ್ಕಲಿನವ ತಾನು ಬೆಳೆದ ಸೌತೆ, ಬಾಳೆಗೊನೆ ಹೊತ್ತುಕೊಂಡು ಹೋಗಿ ಭೂಮಿಯ ಒಡೆಯನಾದ ಧನಿಯ ಅಂಗಳದಲ್ಲಿ ಇಡಬೇಕು, ಧನಿ "ಈ ವರ್ಷವೂ ಮಾಡು" ಎನ್ನಬೇಕು. ಆ ಮಾತು ಬಂದರೆ ಗದ್ದೆ ಉಂಟು, ಬಾರದಿದ್ದರೆ ಇಲ್ಲ. ಅವಳ ಅಪ್ಪನ ಧನಿಯೇ ನಮ್ಮ ಶಾಲೆ ನಡೆಸುವ ಕರೆಸ್ಪಾಂಡೆಂಟರು, ನನಗೆ ಕೆಲಸ ಕೊಟ್ಟವರು.

ವಾರ್ಷಿಕೋತ್ಸವಕ್ಕೆ ನಾನು ಭೂಮಿಯ ಪುಸ್ತಕವನ್ನೇ ಆರಿಸಿದೆ. ನಿಯಮದಂತೆ ಅವಳಿಗೆ ಬಲಗಡೆ ಪುಟ, ಧನಿಗಳದ್ದು. ಬರೀ ಓದಿದ್ದಲ್ಲ, ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಕೇಳಿದಳು: "ಒಕ್ಕಲನ್ನು ಬಿಡಿಸುವ ಹಕ್ಕಿಲ್ಲದಿದ್ದರೆ ಭೂಮಿ ನನ್ನದು ಎನ್ನುದಕ್ಕೆ ಅರ್ಥ ಎಂತ?" ಎದುರಿನ ಕುರ್ಚಿಯಲ್ಲಿದ್ದ ಧನಿಗಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಬಿಸುವಿನ ದಿನ ಅವಳ ಅಪ್ಪ ಅಂಗಳದಲ್ಲಿ ಗೊನೆ ಇಳಿಸಿದಾಗ ಧನಿಗಳು ಉಳಿದ ಒಕ್ಕಲುಗಳ ಎದುರೇ ಹೇಳಿದರಂತೆ: "ಬಿಡಿಸುವ ಹಕ್ಕು ಧನಿಯದ್ದು ಅಂತ ನಿನ್ನ ಮಗಳೇ ಊರೆದುರು ಹೇಳಿದ್ದಾಳಲ್ಲ ಮಾರಾಯ. ಇನ್ನು ನಾನೆಂತ ಹೇಳುದು?" ಎಲ್ಲರೂ ನಕ್ಕರಂತೆ. ಇವನು ಕಾದು ನಿಂತ. ಬರಬೇಕಾದ ಮಾತು ಬರಲಿಲ್ಲ. ಧನಿಗಳು ಎದ್ದು ಒಳಗೆ ಹೋದರು.

ಇದು ನನಗೆ ಗೊತ್ತಾದದ್ದು ಜೂನಿನಲ್ಲಿ, ಅವಳ ಬೆಂಚು ಖಾಲಿ ಕಂಡು ವಿಚಾರಿಸಿದಾಗ. ನೇರ ಧನಿಗಳ ಚಾವಡಿಗೆ ಹೋದೆ. ಚೌಕಾಸಿ ನನ್ನ ಕಸುಬು. "ಅವನನ್ನು ಬಿಡಿಸಿದರೆ ಆ ಕೆಸರಿಗೆ ಬೇರೆ ಯಾರು ಇಳಿತಾರೆ? ಉಳುವವನಿಗೇ ಭೂಮಿ ಅಂತ ಕಾನೂನು ಬೇರೆ ಬರ್ತದಂತೆ. ಹೊಸಬನನ್ನು ತಂದರೆ ಅವ ಮೊದಲು ಕಾಗದ ಕೇಳ್ತಾನೆ. ಇವ ಕೇಳುವವನಲ್ಲ" ಎಂದೆ.

ಧನಿಗಳು ಎಲೆಯಡಿಕೆ ಉಗಿದು ನಕ್ಕರು. "ನೀವು ಮಾಸ್ಟ್ರಾ, ದಲ್ಲಾಳಿಯಾ ಮಾರಾಯ್ರೆ? ನಾನು ತಮಾಷೆಗೆ ಹೇಳಿದ್ದು. ಮಾಡ್ಲಿ, ಈ ವರ್ಷವೂ ಮಾಡ್ಲಿ."

ಆ ಮಾತನ್ನು ಕೈಯಲ್ಲಿ ಹಿಡಿದವನಂತೆ ಗದ್ದೆಯ ಬದುವಿನಲ್ಲಿ ಅವರ ಮನೆಗೆ ಓಡಿದೆ. ಅಪ್ಪ ಕೈ ಮುಗಿದ. "ನೀವು ತಂದದ್ದು ದೊಡ್ಡ ಮಾತು ಮಾಸ್ಟ್ರೇ. ಆದರೆ ಹುಡುಗಿಗೆ ಶಾಲೆ ಬೇಡ. ನನ್ನ ಗದ್ದೆ ಬಿಡಿಸಿ ಅಂತ ನನ್ನ ಮಗಳ ಬಾಯಿಂದಲೇ ಹೇಳಿಸುವ ಶಾಲೆ ನಮಗೆ ಯಾಕೆ?"

ಹುಡುಗಿ ಹೊಸ್ತಿಲಿಗೆ ಬಂದಳು. "ಸರ್, ನೀವು ಯಾವ ಪುಟದವರು?"

"ಎರಡೂ ಕಡೆ ನ್ಯಾಯ ಉಂಟಲ್ಲ ಮಗು."

"ಅದು ಪುಸ್ತಕದ ಮಾತು. ನಾನು ನಿಮ್ಮನ್ನು ಕೇಳಿದ್ದು. ಅಪ್ಪನ ಎದುರು ಹೇಳಿ ಸರ್, ನಾಳೆಯಿಂದ ಬರ್ತೇನೆ."

ಅಪ್ಪನೂ ನನ್ನ ಮುಖ ನೋಡಿದ. ನನ್ನ ಅಜ್ಜನೂ ಚಾಲಗೇಣಿಯಲ್ಲೇ ಬೆನ್ನು ಬಾಗಿಸಿದವ. ನಾನು ಯಾವ ಪುಟದವನೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆದರೆ ಅಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಅದು ಚಾವಡಿಗೆ ತಲುಪುತ್ತದೆ. ಆಗಷ್ಟೇ ತಂದ ಮಾತೂ ಹೋಗುತ್ತದೆ, ನನ್ನ ಕೆಲಸವೂ. ಯಾವುದು ಮೊದಲು ನೆನಪಾಯಿತು ಎಂದು ಕೇಳಬೇಡಿ. "ಹೇಳುವ ಕಾಲ ಬರ್ತದೆ" ಎಂದೆ.

"ಹಾಗಾದರೆ ನಾನು ಓದಿದ್ದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಮತ್ತೆ ನನ್ನ ಬಾಯಿ ಯಾಕೆ ಬೇಕಿತ್ತು ಸರ್?" ಎಂದು ಒಳಗೆ ಹೋದಳು. ಶಾಲೆಗೆ ಬರಲಿಲ್ಲ.

ಹೊಸದಾಗಿ ಸೇರಿದ ಮಾಸ್ಟ್ರುಗಳಿಗೆ ಹೇಳ್ತೇನೆ, ಎರಡು ಪುಟದ ಪುಸ್ತಕ ಓದಿಸಿ, ಖಂಡಿತ ಓದಿಸಿ. ಎದುರಿನವನ ಮಾತು ಕೇಳಲು ಬಾರದ ಹುಡುಗ ಸಂತೆಯಲ್ಲೂ ಸೋಲ್ತಾನೆ, ಸಂಸಾರದಲ್ಲೂ. ಆದರೆ ಯಾವ ಮಗುವಿನ ಬಾಯಿಗೆ ಯಾವ ಪುಟ ಇಡುದು ಅಂತ ನೋಡುವಾಗ ಅದರ ಅಡುಗೆಮನೆಯನ್ನೂ ಒಮ್ಮೆ ನೋಡಿ. ಮತ್ತೆ, ಮಗು ನಿಮ್ಮ ಪಕ್ಷ ಕೇಳಿದರೆ ಅದು ಚೌಕಾಸಿ ಮಾಡುವ ಜಾಗ ಅಲ್ಲ. ನಾನು ಮಾಡಿದೆ. ಆಮೇಲಿನ ಶನಿವಾರಗಳಲ್ಲಿ ಮಕ್ಕಳು ಒಬ್ಬೊಬ್ಬರೇ ನೆಪ ಹೇಳಿ ಬಸ್ಸು ಹಿಡಿದರು. ನಾನು ಖಾಲಿ ಬೆಂಚುಗಳ ನಡುವೆ ಸ್ವಲ್ಪ ಹೊತ್ತು ಕೂತು, ಕಿಟಕಿ ಹಾಕಿ ಕೋಣೆಗೆ ಹೋಗುತ್ತಿದ್ದೆ.

ಕೆಲವು ವರ್ಷಗಳ ನಂತರ ಪಂಜಕ್ಕೆ ಹೋಗುವ ಜೀಪಿನಲ್ಲಿ ಅವಳು ಸಿಕ್ಕಳು, ತೊಡೆಯ ಮೇಲೆ ಮಗು. ಸರಿದು ಜಾಗ ಮಾಡಿಕೊಟ್ಟಳು. "ಊಟ ಆಯ್ತಾ ಸರ್?" ಆಗಿರಲಿಲ್ಲ, ಆಯ್ತು ಎಂದೆ. ಅಷ್ಟರಲ್ಲಿ ನಾನು ಆ ಶಾಲೆ ಬಿಟ್ಟು ಸುಳ್ಯಕ್ಕೆ ಬಂದಿದ್ದೆ, ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. "ಅವತ್ತು ನೀನು ಕೇಳಿದ್ದೆಯಲ್ಲ, ನಾನು ನಿಮ್ಮ ಕಡೆಯವನೇ ಆಗಿದ್ದೆ" ಎಂದೆ.

ಅವಳು ಮಗುವಿನ ಟೊಪ್ಪಿ ಸರಿಮಾಡಿದಳು. "ನನಗೆ ಆಗಲೇ ಗೊತ್ತಿತ್ತು ಸರ್. ಅಪ್ಪನಿಗೆ ಗೊತ್ತಾಗಬೇಕಿತ್ತು."

ಪಂಜದಲ್ಲಿ ಇಳಿದುಹೋದಳು. ಅವಳ ಜಾಗಕ್ಕೆ ಯಾರೋ ತೆಂಗಿನಕಾಯಿಯ ಗೋಣಿ ಹತ್ತಿಸಿದರು.