ನಮ್ಮ ಮನೆಯ ಗುಲಾಬಿಗೆ ಹೆಸರಿಟ್ಟದ್ದು

ಗುಲಾಬಿ ತಳಿಗಳಿಗೆ ಹೆಸರು ಹೇಗೆ ಬರುತ್ತದೆ ಎಂದು ನನಗೆ ಹೇಳಿಕೊಟ್ಟವರು ಅಪ್ಪ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು, ನಮ್ಮ ಮನೆ ಮಣ್ಣಗುಡ್ಡದಲ್ಲಿ. ಅಪ್ಪನಿಗೆ ಪಣಂಬೂರಿನ ಒಂದು ಆಫೀಸಿನಲ್ಲಿ ಕೆಲಸ, ತಲೆಯಲ್ಲಿ ಮಾತ್ರ ಗುಲಾಬಿ. ಬೆಂಗಳೂರಿನ ನರ್ಸರಿಯಿಂದ ಕ್ಯಾಟಲಾಗ್ ತರಿಸಿ ಊಟಕ್ಕೆ ಕೂತಾಗ ಓದಿ ಹೇಳುವುದು: ಇದಕ್ಕೆ ಯಾವುದೋ ದೇಶದ ರಾಣಿಯ ಹೆಸರು, ಇದು ಬೆಳೆಸಿದವನ ಅಮ್ಮನದ್ದು, ಇದು ದುಡ್ಡು ಕೊಟ್ಟ ಸಾಹುಕಾರನ ಹೆಂಡತಿಯದ್ದು. "ಹೊಸ ತಳಿ ಯಾರು ಬೆಳೆಸ್ತಾನೋ, ಹೆಸರಿಡುವ ಹಕ್ಕು ಅವನದ್ದು" ಎನ್ನುತ್ತಿದ್ದರು. ಅಮ್ಮ ಸಾರು ಬಡಿಸುತ್ತಾ "ಹೌದಾ" ಎನ್ನುತ್ತಿದ್ದಳು.

ಅಪ್ಪನೂ ಒಂದು ಹೊಸ ತಳಿ ಬೆಳೆಸಿದರು. ಎರಡು ಗಿಡಗಳ ಪರಾಗ ಕೂಡಿಸಿ, ಕಾಯಿ ಹಣ್ಣಾದ ಮೇಲೆ ಬೀಜ ಬಿತ್ತಿ, ಹುಟ್ಟಿದ ಸಸಿಗಳಲ್ಲಿ ಉಳಿದದ್ದು ಒಂದೇ. ಉಳಿಸಿದ್ದು ಅಮ್ಮ, ಅದನ್ನು ಇಲ್ಲಿ ಹೇಳಲೇಬೇಕು. ಮಳೆಗಾಲದಲ್ಲಿ ಸಸಿಯ ಚಟ್ಟಿಯನ್ನು ಜಗಲಿಗೆ ಎತ್ತಿಟ್ಟವಳು ಅವಳು. ಬೂತಾಯಿ, ಬಂಗುಡೆ ಮೀನು ತೊಳೆದ ನೀರನ್ನು ದಿನಾ ಬುಡಕ್ಕೆ ಹೊಯ್ದವಳೂ ಅವಳೇ. ನಾಲ್ಕನೇ ವರ್ಷ ಅದು ಬಿಟ್ಟ ಹೂವನ್ನು ನೋಡಬೇಕಿತ್ತು ನೀವು, ಅಬ್ಬಾ! ಒಳಗೆಲ್ಲ ಹಳದಿ, ಎಸಳಿನ ಅಂಚು ಮಾತ್ರ ಕೆಂಪು.

ಆ ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಗಿಡ ಇಡುವುದೆಂದಾಯಿತು. ಅಮ್ಮ ಹೆಸರಿನ ವಿಷಯ ಎತ್ತಲಿಲ್ಲ, ಆದರೆ ಒಳ್ಳೆಯ ಸೀರೆ ತೆಗೆದು ಇಸ್ತ್ರಿ ಮಾಡಿಸಿದಳು. ತನ್ನದೇ ಹೆಸರು ಎಂದು ಅವಳಿಗೆ ಖಾತ್ರಿ. ನನಗೂ ಹಾಗೆಯೇ. ಹಿಂದಿನ ದಿನ ಅಪ್ಪ ಕರೆದು, "ನಿನ್ನ ಅಕ್ಷರ ಚಂದ ಉಂಟು, ಬರಿ" ಎಂದು ಕಾರ್ಡ್ ಕೊಟ್ಟರು. ಬರೆಯಲು ಹೇಳಿದ್ದು ಅವರ ದೊಡ್ಡ ಸಾಹೇಬರ ಹೆಂಡತಿಯ ಹೆಸರು!

"ಅಮ್ಮನದ್ದಲ್ವಾ?" ಎಂದೆ.

"ಎಂತ ಮಾತಾಡ್ತಿ ಮಾರಾಯ್ತಿ! ಹೆಂಡತಿ ಹೆಸರನ್ನು ಊರೆಲ್ಲ ಓದುವ ಹಾಗೆ ಬರೆದರೆ ಜನ ನಗುವುದಿಲ್ವಾ? ಮತ್ತೆ ನನ್ನ ಪ್ರಮೋಷನ್ ಬೇರೆ ಉಂಟು."

ನಾನು ಬರೆದೆ. ಬರೆದ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪ್ರದರ್ಶನದಲ್ಲಿ ಅಪ್ಪ ಬಂದವರಿಗೆಲ್ಲ ಆ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅಮ್ಮ ಕಾರ್ಡ್ ಓದಿದಳು, ಸೆರಗು ಸರಿ ಮಾಡಿಕೊಂಡು ಪಕ್ಕದ ಸಾಲಿನ ಕುಂಬಳಕಾಯಿ ನೋಡಲು ಹೋದಳು. ಅಷ್ಟರಲ್ಲಿ ಸಾಹೇಬರ ಹೆಂಡತಿ ಬಂದರು. ಘಟ್ಟದ ಮೇಲಿನವರು, ಮೀನಿನ ವಾಸನೆ ಬಂದರೆ ಕಿಟಕಿ ಮುಚ್ಚುವವರು. ಖುಷಿಯಲ್ಲಿ ಬಗ್ಗಿ ಮೂಸಿ, "ಗೊಬ್ಬರ ಏನು ಹಾಕ್ತೀರಿ?" ಎಂದು ಕೇಳಿದರು. ಅಪ್ಪ ಉಬ್ಬಿಹೋಗಿ, "ಮೀನು ತೊಳೆದ ನೀರು ಮೇಡಂ, ಬೂತಾಯಿಯದ್ದಾದರೆ ಬೆಸ್ಟ್" ಅಂದುಬಿಟ್ಟರು. "ಅಯ್ಯೋ ಶಿವನೇ, ಇದಕ್ಕೆ ನನ್ನ ಹೆಸರಾ?" ಎಂದು ಆಕೆ ಮೂಗಿಗೆ ಸೆರಗು ಹಿಡಿದು, ಕಾರ್ಡ್ ತೆಗೆಸಿಯೇ ಹೋದರು. ಅಪ್ಪ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ತಗಡಿನ ಚೂರು, ಪೇಂಟಿನ ಡಬ್ಬಿ, ಬ್ರಷ್ಷು ಹಿಡಿದು ಬಾವಿಕಟ್ಟೆಗೆ ಬಂದರು. ಅಮ್ಮ ಬಟ್ಟೆ ಒಗೆಯುತ್ತಿದ್ದಳು.

"ಓಯ್," ಅಂದರು. ಮದುವೆಯಾದಂದಿನಿಂದ ಅವರು ಅಮ್ಮನನ್ನು ಕರೆಯುತ್ತಿದ್ದದ್ದು ಹಾಗೆಯೇ. "ನಿನ್ನ ಹೆಸರೇ ಬರೀತೇನೆ."

ಅಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. "ಆ ಹೆಂಗಸಿನ ಹೆಸರನ್ನು ನಿನ್ನೆ ಎಷ್ಟು ಜನರ ಎದುರು ಹೇಳಿದಿರಿ? ನನ್ನದನ್ನು ಒಂದು ಸಲ ಬಾಯಿ ಬಿಟ್ಟು ಹೇಳಿ. ಆಮೇಲೆ ಬರೆಯಿರಿ."

ಅಪ್ಪ ಬಾಯಿ ತೆರೆದರು. ನನ್ನನ್ನು ನೋಡಿದರು. ಕಾಂಪೌಂಡಿನ ಆಚೆ ನೀರು ಸೇದುತ್ತಿದ್ದ ನೆರೆಮನೆಯವರನ್ನು ನೋಡಿದರು. ಬ್ರಷ್ಷಿನ ಪೇಂಟು ತೊಟ್ಟಿಕ್ಕಿ ಅವರ ಕಾಲ ಮೇಲೆ ಬಿತ್ತು. ಹೇಳಿ ಅಪ್ಪಾ, ಮೂರೇ ಮೂರು ಅಕ್ಷರ ಎಂದು ಕೂಗಬೇಕೆನಿಸಿತು ನನಗೆ.

ಅಮ್ಮ ತುಂಬ ಹೊತ್ತು ಕಾದಳು. ಕೊನೆಗೆ, "ಹೋಗಿ, ಆಫೀಸಿಗೆ ಹೊತ್ತಾಯ್ತು" ಎಂದು ಮತ್ತೆ ಬಟ್ಟೆಗೆ ಬಗ್ಗಿದಳು.