ಕೊನೆಯವರ ಹಾಲಿಗೆ ಇ-7

ಬೆಳಿಗ್ಗೆ ಕೊಟ್ಟಿಗೆ ಗುಡಿಸಿದೆ. ಹಂಡೆಗೆ ನೀರು ತುಂಬಿದೆ. ಹಸು ಕರೆದೆ. ಜ್ವರ ಬಂದಿದ್ದ ನಮ್ಮ ಮನೆಯವರಿಗೆ ಮೆಣಸಿನ ಕಷಾಯ ಕಾಸಿದೆ. ಹಗ್ಗ ಬಿಚ್ಚಿಕೊಂಡ ಕರುವನ್ನು ಪಕ್ಕದ ಅವರೆ ಹೊಲದಿಂದ ಎಳೆದು ತಂದೆ. ಇಷ್ಟಾಗುವಷ್ಟರಲ್ಲಿ ಹಾಲಿನ ಸೊಸೈಟಿಗೆ ತಡವಾಯಿತು. ದಿನಾ ಸಾಲಿನ ಮುಂದೆ ನಿಲ್ಲುವ ನಾನು ಅಂದು ಮಾದಮ್ಮನ ಹಿಂದೆ, ಕಟ್ಟಕಡೆಯವಳು.

ಮಾದಮ್ಮನ ಮನೆ ಕಾಡಿನಂಚಿಗೆ. ದಾರಿಯಿಂದ ಆನೆ ಸರಿದ ಮೇಲೇ ಅವಳು ಹೊರಡಬೇಕು. ಹಾಗಾಗಿ ಯಾವತ್ತೂ ಅವಳೇ ಕೊನೆ.

ನಮ್ಮ ಸೊಸೈಟಿಗೆ ಎಲೆಕ್ಟ್ರಾನಿಕ್ ಟೆಸ್ಟರ್ ಬಂದು ಎರಡು ವಾರ. ಹಾಲಿನ ಕೊಬ್ಬು ಅಳೆದು, ಅಂಕಿ ತೋರಿಸಿ, ಅದನ್ನು ತನ್ನೊಳಗೇ ಇಟ್ಟುಕೊಳ್ಳುವ ಪೆಟ್ಟಿಗೆ. (ಬಂದ ದಿನ ಹಾರ ಹಾಕಿದ್ದೆವು. ಜೊತೆಗೆ ಬಂದ ಪುಸ್ತಕ ಮಾತ್ರ ಯಾರೂ ತೆರೆಯಲಿಲ್ಲ.) ಹನ್ನೊಂದು ದಿನದಿಂದ ಅದು ಮಾದಮ್ಮನ ಹಾಲಿಗೆ ಮಾತ್ರ 'ಇ-7' ಎನ್ನುತ್ತಿತ್ತು. ಮೊದಲ ದಿನ ಯಾರದೋ ಒಡೆದ ಹಾಲಿಗೆ 'ಇ-2' ಬಂದಿತ್ತಲ್ಲ? 'ಇ' ಬಂದರೆ ಹಾಲಿನದೇ ತಪ್ಪು ಎಂದು ಸೆಕ್ರೆಟರಿ ಬಸವಣ್ಣ ತೀರ್ಮಾನಿಸಿಬಿಟ್ಟಿದ್ದ. ನಾವೂ ತಲೆಯಾಡಿಸಿದ್ದೆವು.

ಅಂದೂ ಇ-7.

"ಏನ್ ಮಾದಮ್ಮಕ್ಕ, ಇವತ್ತು ಅಳ್ಳದ್ ನೀರಾ, ಬಾವೀದಾ?" ಎಂದ ಬಸವಣ್ಣ.

"ನನ್ ಮಕ್ಕಳಾಣೆ ಒಂದ್ ತೊಟ್ಟೂ ಬುಟ್ಟಿಲ್ಲ ಕಣಪ್ಪ. ಆಲು ವಾಪಸ್ ಓದ್ರೆ ಓಗ್ಲಿ, ನನ್ ಎಸ್ರು ಓಯ್ತಲ್ಲ!"

ಆಮೇಲೆ ನನ್ನ ಹಾಲು. ಅದಕ್ಕೂ ಇ-7!

ಬಸವಣ್ಣ ಪೆಚ್ಚಾದ. "ಅಕ್ಕೋ, ನೀವೂವಾ?"

"ಕೇಳ್ಲಾ ಈಗ, ಅಳ್ಳದ್ದೋ ಬಾವೀದೋ ಅಂತ!" ಎಂದಳು ಮಾದಮ್ಮ.

ಡ್ರಾಯರಿನಿಂದ ಪುಸ್ತಕ ತೆಗೆಸಿದೆ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೊನೆಯ ಪುಟದ ಪಟ್ಟಿ ಓದಿದೆ. ಇ-2, ಹಾಲು ಕೆಟ್ಟಿದೆ. ಇ-5, ಯಂತ್ರದೊಳಗಿನ ದೀಪ ಸುಟ್ಟಿದೆ. ಇ-7, ಮೆಮೊರಿ ತುಂಬಿದೆ, ಹಳೆಯದನ್ನು ಅಳಿಸಿ.

ಹಿಂದಿನ ಸಂಜೆಯ, ಅಂದಿನ ಬೆಳಗಿನ ಅಂಕಿಗಳನ್ನು ಬಸವಣ್ಣ ಒಟ್ಟಿಗೇ ಮಧ್ಯಾಹ್ನ ಅಳಿಸುತ್ತಿದ್ದ. ಅಲ್ಲಿಯವರೆಗೆ, ಬೆಳಗಿನ ಸಾಲಿನ ಕೊನೆಯವರಿಗೆ ಪೆಟ್ಟಿಗೆಯಲ್ಲಿ ಜಾಗವೇ ಇಲ್ಲ. ಹಾಲು ಹೇಗಿದ್ದರೇನು? ಹಿಂದಿನ ಸಂಜೆ ಒಬ್ಬರ ಹಾಲು ಹೆಚ್ಚಿಗೆ ಬಂದಿತ್ತು; ಹಾಗಾಗಿ ಅಂದು ಕೊನೆಯ ಇಬ್ಬರಿಗೂ ಜಾಗ ಸಾಲಲಿಲ್ಲ.

"ತಪ್ಪಾಯ್ತು ಅಕ್ಕ" ಎಂದ ಬಸವಣ್ಣ ಮಾದಮ್ಮನಿಗೆ, ಮೆತ್ತಗೆ.

"ನೀರು ಅಂದಿದ್ದು ಸಾಲಿನ್ ಮುಂದೆ ಕಣ್ಲಾ. ತಪ್ಪಾಯ್ತು ಅನ್ನೋದ್ನೂ ಸಾಲಿನ್ ಮುಂದೇನೇ ಅನ್ನು" ಎಂದಳು ಅವಳು.

ಮಾರನೆಯ ದಿನ, ಆನೆ ಸರಿದು ಮಾದಮ್ಮ ಬರುವವರೆಗೂ ಇಡೀ ಸಾಲು ಕಾಯಿತು. ಗೊಣಗಿತು ಕೂಡ. ಬಸವಣ್ಣ ಎಲ್ಲರೆದುರು ತಪ್ಪೊಪ್ಪಿಕೊಂಡು, ಹಳೆಯ ಅಂಕಿಗಳನ್ನು ಅಳಿಸಿ, ಅವಳ ಹಾಲನ್ನೇ ಮೊದಲು ಇಟ್ಟ. ಕೊಬ್ಬು 4.6. (ನನ್ನದು 3.9!) ಮಾದಮ್ಮ ಸೆರಗು ಸರಿಮಾಡಿಕೊಂಡಳು.

ಆ ರಾತ್ರಿ ರಾಗಿ ಮುದ್ದೆ, ಹುರುಳಿಕಾಳಿನ ಸಾರು. ಉಂಡ ಕೂಡಲೇ ನಮ್ಮ ಮನೆಯವರು ಮೊದಲು ಮಲಗಿದರು. ನನಗೆ ನಿದ್ದೆ ಹತ್ತಲು ತಡವಾಯಿತು. ಹನ್ನೊಂದು ದಿನ ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು; ಸಾಲಿನ ಮುಂದೆ ತಪ್ಪಾಯ್ತು ಅನ್ನಲು ನಾನೇಕೆ ಬಾಯಿ ಬಿಡಲಿಲ್ಲ?