ಗೋಡೆಗೆ ಆನಿಸಿದ ಪೆಟ್ಟಿಗೆ

ವಾದ್ಯಗೋಷ್ಠಿಯಲ್ಲಿ ಬೇಸ್ ಗಿಟಾರ್ ನುಡಿಸುವವನನ್ನು ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಇದಕ್ಕೆ ನಾಲ್ಕೇ ತಂತಿ ಯಾಕೆ, ಇನ್ನೆರಡು ಕಿತ್ತುಹೋದವಾ ಎನ್ನುವುದು ಒಂದು. ನೀನು ನಿಜವಾಗಿ ನುಡಿಸುತ್ತೀಯೋ ಇಲ್ಲ ಸುಮ್ಮನೆ ಹಿಡಿದುಕೊಂಡು ನಿಲ್ಲುತ್ತೀಯೋ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಗುತ್ತಿದ್ದೆ. ಎರಡನೆಯದನ್ನು ಕೇಳಿದವನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು, ಏಕೆಂದರೆ ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ನುಡಿಸಿದ್ದು ಎಷ್ಟೋ ಸಲ ನನಗೇ ಕೇಳುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಮುಳಬಾಗಿಲು, ಅಪ್ಪ ದೇವಸ್ಥಾನದ ಅರ್ಚಕರು. ಡಿಗ್ರಿ ಮುಗಿಸಿ ಕೆಲಸ ಸಿಗದೆ ಓಡಾಡಿಕೊಂಡಿದ್ದ ನಾನು ಕೋಲಾರದ ಒಂದು ವಾದ್ಯಗೋಷ್ಠಿಗೆ ಸೇರಿಕೊಂಡೆ. ಅದನ್ನು ನಡೆಸುತ್ತಿದ್ದವರು ಸ್ಕೂಲಿನಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಒಬ್ಬ ಮೇಷ್ಟ್ರು, ಅಕಾರ್ಡಿಯನ್ ನುಡಿಸುತ್ತಿದ್ದರು. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಮದುವೆ, ಬೀಗರೂಟ ಎಲ್ಲಿದ್ದರೂ ನಾವು ಹೋಗುತ್ತಿದ್ದೆವು. ಅಪ್ಪ ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೀಗರೂಟವೆಂದರೆ ಮಾಂಸದ ಊಟ, ಅಲ್ಲಿ ಅರ್ಚಕರ ಮಗನಿಗೇನು ಕೆಲಸ ಎನ್ನುವುದು ಅವರ ಸಿಟ್ಟು. ಅಲ್ಲಿ ನನಗೆ ಸಿಗುತ್ತಿದ್ದುದು ಬಾಳೆಹಣ್ಣು ಮತ್ತು ಮಜ್ಜಿಗೆ ಎಂದರೆ ಅವರು ನಂಬುತ್ತಿರಲಿಲ್ಲ.

ಆಗಿನ ಮೈಕ್ ಸೆಟ್ಟಿನಲ್ಲಿ ಇರುತ್ತಿದ್ದುದು ಕಂಬಕ್ಕೆ ಕಟ್ಟಿದ ಹಾರ್ನುಗಳು. ಬೀಗರು ಊಟಕ್ಕೆ ಏಳಬೇಕು ಎಂದು ಕೂಗಿದರೆ ಮೂರು ಊರಿಗೆ ಕೇಳುತ್ತಿತ್ತು. ಗಾಯಕನ ಗಂಟಲು, ಕೊಳಲು, ಅಕಾರ್ಡಿಯನ್ ಎಲ್ಲ ಅದರಲ್ಲಿ ಖಣಖಣ ಎನ್ನುತ್ತಿದ್ದವು. ತಗ್ಗಿನ ಸ್ವರ ಮಾತ್ರ ಆ ತಗಡಿನೊಳಗೆ ಹೋಗಿ ಡಬ್ಬದೊಳಗೆ ಸಿಕ್ಕಿಬಿದ್ದ ಕಪ್ಪೆಯ ಹಾಗೆ ಗುರುಗುಟ್ಟಿ ಸುಮ್ಮನಾಗುತ್ತಿತ್ತು. ಮೇಷ್ಟ್ರು ಒಂದು ದಿನ ಎಲ್ಲರ ಮುಂದೆಯೇ ಹೇಳಿದರು: "ಲೇ, ಈ ಸಲದ ಲಗ್ನಗಳು ಮುಗಿಯೋವರ್ಗೂ ನೋಡ್ತೀನಿ. ಆಮೇಲೆ ನಿನ್ನ ಜಾಗದಲ್ಲಿ ಇನ್ನೊಬ್ಬ ಢೋಲಕ್‌ನೋನ್ನ ಕೂರಿಸ್ತೀನಿ. ಅವನ ಶಬ್ದ ಆದ್ರೂ ಕೇಳುತ್ತೆ."

ನನಗೆ ಗಿಟಾರ್ ಮಾರಿದ್ದವರು ಚಿನ್ನದ ಗಣಿಯ ಕಡೆ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕರು. ಅವರ ಹತ್ತಿರ ಹೋಗಿ ಅತ್ತುಕೊಂಡೆ. ಹಳೇ ತಂತಿಗಳನ್ನು ನೀರಿನಲ್ಲಿ ಕುದಿಸಿ ಒರೆಸಿ ಮತ್ತೆ ಕಟ್ಟು, ಜಿಡ್ಡು ಬಿಟ್ಟು ಹೊಸದರ ಹಾಗೆ ನುಡಿಯುತ್ತವೆ ಎಂದರು. ತಂತಿಗಳ ಬುಡಕ್ಕೆ ಸ್ಪಂಜು ತುರುಕಲು ಹೇಳಿದರು, ಸ್ವರ ಎಳೆದಾಡದೆ ದುಂಡಗೆ ನಿಲ್ಲುತ್ತದಂತೆ. ಗಾಯಕನ ಬಾಯಿ ನೋಡಬೇಡ, ಡ್ರಮ್ಮಿನವನ ಕಾಲು ನೋಡು, ಅವನು ತುಳಿದಾಗ ನೀನು ಮೀಟು ಎಂದರು. ಹಾರ್ನನ್ನು ನೆಚ್ಚಿಕೊಳ್ಳದೆ ನಿನ್ನದೇ ಸ್ಪೀಕರ್ ಪೆಟ್ಟಿಗೆ ಮಾಡಿಸಿಕೋ, ಅದನ್ನು ಬಯಲಲ್ಲಿ ಇಡಬೇಡ, ಎರಡು ಗೋಡೆ ಕೂಡುವ ಮೂಲೆಗೆ ಆನಿಸು, ತಗ್ಗಿನ ಸ್ವರವನ್ನು ಅರ್ಧ ನುಡಿಸುವುದು ಗೋಡೆಯೇ ಎಂದೂ ಹೇಳಿದರು. ಬಾಗಿಲು ಮುಚ್ಚಿದ್ದ ಒಂದು ಟೂರಿಂಗ್ ಟಾಕೀಸಿನಿಂದ ಹದಿನೈದು ಇಂಚಿನ ಸ್ಪೀಕರ್ ತಂದೆ. ಮಾಲೂರಿನ ಹೆಂಚಿನ ಕಾರ್ಖಾನೆಗೆ ಹಲಗೆ ಕೂಡಿಸಿಕೊಡುತ್ತಿದ್ದ ಬಡಗಿಯೊಬ್ಬ ಪೆಟ್ಟಿಗೆ ಮಾಡಿಕೊಟ್ಟ. ಎತ್ತಲು ಇಬ್ಬರು ಬೇಕು. ಆದರೆ ನಾವು ನುಡಿಸುತ್ತಿದ್ದುದೆಲ್ಲ ಬಯಲ ಚಪ್ಪರದಲ್ಲಿ, ಗೋಡೆ ಎಲ್ಲಿಂದ ತರುವುದು?

ಗೋಡೆ ಸಿಕ್ಕಿದ್ದು ಸುಗಟೂರಿನ ಆಚೆಯ ಒಂದು ಹಳ್ಳಿಯಲ್ಲಿ. ಹೆಣ್ಣಿನ ಮನೆಯ ಅಂಗಳದಲ್ಲಿ ಮಧ್ಯಾಹ್ನ ಬೀಗರೂಟ. ಆ ಮನೆಗೂ ಪಕ್ಕದ ಮನೆಗೂ ನಡುವೆ ಉದ್ದಕ್ಕೆ ಚಪ್ಪಡಿ ಕಲ್ಲಿನ ಜಗಲಿ. ಜಗಲಿಯ ತುದಿಯಲ್ಲಿ ಎರಡೂ ಮನೆಯ ಗೋಡೆ ಕೂಡಿಕೊಂಡು ಒಳ್ಳೇ ಮೂಲೆಯಾಗಿತ್ತು. ಪೆಟ್ಟಿಗೆಯನ್ನು ಅಲ್ಲಿ ಆನಿಸಿ ಒಂದು ಸ್ವರ ಮೀಟಿದೆ. ಅಂಗಳದಲ್ಲಿ ಎಲೆ ಹಾಕುತ್ತಿದ್ದವರು ತಲೆಯೆತ್ತಿ ನೋಡಿದರು. ಅಕಾರ್ಡಿಯನ್ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಮೇಷ್ಟ್ರು ಅಲ್ಲೇ ನಿಂತರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದರು, ಗಡಿಯ ಕಡೆಯ ತೆಲುಗು ಬೆರೆತ ಮಾತಿನವರು. ಆ ಗೋಡೆ ಅವರ ಹುಳದ ಮನೆಯದು, ಎಂದರೆ ರೇಷ್ಮೆ ಹುಳ ಸಾಕುವ ಕೋಣೆಯದು. "ಏಂ ನಾಯನಾ, ಆ ಡಬ್ಬ ಗೋಡೆಗೆ ತಾಕಿಸ್ಬೇಡಪ್ಪ. ಒಳಗೆ ಹುಳ ಹಣ್ಣಾಗಿ ಇವತ್ತು ಬೆಳಗ್ಗೆ ತಾನೆ ಚಂದ್ರಿಕೆ ತಟ್ಟೆಗೆ ಬಿಟ್ಟಿದೀವಿ. ಗೂಡು ಕಟ್ಟೋ ಹೊತ್ತಲ್ಲಿ ಅದುರಿದ್ರೆ ನೂಲು ನಿಲ್ಲಿಸ್ಬಿಡ್ತವೆ, ಉದುರೋಗ್ತವೆ. ಒಂದು ತಿಂಗಳು ನಿದ್ದೆ ಕೆಟ್ಟಿದೀವಿ ಅದಕ್ಕೆ," ಎಂದರು. ಸಿಟ್ಟಿನ ಮಾತಲ್ಲ, ಕೇಳಿಕೊಳ್ಳುವ ಮಾತು. ಆಗಲಿ ಅಜ್ಜಿ ಎಂದು ಅವರ ಎದುರಿಗೇ ಎಲೆ ಹಾಕುತ್ತಿದ್ದವನೊಬ್ಬನ ಕೈ ಹಿಡಿಸಿ ಪೆಟ್ಟಿಗೆಯನ್ನು ಜಗಲಿಯಿಂದ ಇಳಿಸಿ ಅಂಗಳದ ನಡುವಿಗೆ ಎಳೆದುಕೊಂಡೆ. "ಚೆನ್ನಾಗಿರಪ್ಪ," ಎಂದು ಹೇಳಿ ಅವರು ಹಿತ್ತಲಲ್ಲಿದ್ದ ಹೆಂಗಸರ ಪಂಕ್ತಿಗೆ ಹೋದರು. ಅವರ ಮಗನೂ ಅಲ್ಲೇ ಬಡಿಸಲು ನಿಂತಿದ್ದ.

ಒಂದು ಹಾಡು ಹಾಗೇ ನುಡಿಸಿದೆವು. ಸ್ವರ ಬಯಲಿಗೆ ಹೋಗಿ ಕರಗಿತು. ಮೇಷ್ಟ್ರು ನನ್ನ ಕಡೆ ತಿರುಗಿ ತುಟಿ ಓರೆ ಮಾಡಿದರು. ಆ ತುಟಿಗೆ ನಾನು ಹೆದರಿದೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಹಾಡು ಮುಗಿದು ಗಾಯಕ ನೀರು ಕುಡಿಯುತ್ತಿದ್ದಾಗ ಡ್ರಮ್ಮಿನವನನ್ನು ಕರೆದು, ಇಬ್ಬರೂ ಎತ್ತಿ ಪೆಟ್ಟಿಗೆಯನ್ನು ಮತ್ತೆ ಜಗಲಿಯ ಮೂಲೆಗೆ ಒತ್ತಿಬಿಟ್ಟೆವು. ಅಜ್ಜಿ ಕೇಳಿದ್ದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ನೋಡಿದವಳು ಒಬ್ಬಳೇ. ಅಂಗಳದ ಆಚೆಗಿದ್ದ ಕೊಟ್ಟಿಗೆಯ ಪಕ್ಕ ಚಾಪೆಯ ಮೇಲೆ ಇಪ್ಪತ್ತು ವರ್ಷದ ಹೆಂಗಸೊಬ್ಬಳು ಒಂಟಿಯಾಗಿ ಕೂತಿದ್ದಳು, ಪಕ್ಕದಲ್ಲಿ ಅವಳದೇ ತಟ್ಟೆ, ಚೊಂಬು. ಹೊರಗೆ ಕೂತವಳು, ಮೂರು ದಿನ ಯಾವುದನ್ನೂ ಮುಟ್ಟುವ ಹಾಗಿಲ್ಲ ಎಂದು ನನಗೆ ತಿಳಿಯಿತು. ನಮ್ಮ ಮನೆಯಲ್ಲೂ ಅದೇ. ಅವಳು ಅಜ್ಜಿಯ ಸೊಸೆ ಎನ್ನುವುದು ಆಗ ಗೊತ್ತಿರಲಿಲ್ಲ. ನಾವು ಪೆಟ್ಟಿಗೆ ಒತ್ತಿದ್ದನ್ನು ನೋಡಿ ಅವಳು ಅರ್ಧ ಎದ್ದು ಕೈಯೆತ್ತಿದಳು. ಬೀಗರು ತುಂಬಿದ್ದ ಅಂಗಳಕ್ಕೆ ಅವಳು ಬರುವ ಹಾಗಿರಲಿಲ್ಲ, ಕೂಗುವ ಹಾಗೂ ಇರಲಿಲ್ಲ. ನಾನು ಮುಖ ತಿರುಗಿಸಿಕೊಂಡೆ.

ಆಮೇಲಿನ ಎರಡು ಗಂಟೆ ನಾನು ನುಡಿಸಿದ ಹಾಗೆ ಅದಕ್ಕೆ ಮುಂಚೆ ಎಂದೂ ನುಡಿಸಿರಲಿಲ್ಲ. ಡ್ರಮ್ಮಿನ ಕಾಲೂ ನನ್ನ ಬೆರಳೂ ಒಂದೇ ಆಗಿಹೋದವು. ಅಂಗಾಲಿನ ಕೆಳಗೆ ಚಪ್ಪಡಿ ಝುಂ ಎನ್ನುತ್ತಿತ್ತು. ಪಂಕ್ತಿಯಲ್ಲಿ ಕೂತ ಮುದುಕನೊಬ್ಬ ಮೂಳೆ ಚೀಪುವುದು ಬಿಟ್ಟು ತೊಡೆ ತಟ್ಟಿದ. ಸಾಮಾನು ಕಟ್ಟುವಾಗ ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಇವತ್ತು ನುಡಿಸ್ದೆ ಕಣೋ," ಎಂದರು. ಆ ಕೊಟ್ಟಿಗೆಯ ಕಡೆ ನೋಡಲೇ ಇಲ್ಲ ನಾನು.

ವಾರ ಕಳೆದ ಮೇಲೆ ಮೇಷ್ಟ್ರಿಗೆ ಹೇಳಿಕಳಿಸಿದರು. ಪಕ್ಕದ ಮನೆಯವರ ಹುಳವೆಲ್ಲ ಹಾಳಾಗಿದೆ, ನಿಮ್ಮ ಡಬ್ಬದ ಮೇಲೆ ಅನುಮಾನ ಪಡುತ್ತಿದ್ದಾರೆ, ಆ ಹುಡುಗನನ್ನು ಕರಕೊಂಡು ಬಂದು ಒಂದು ಮಾತು ಹೇಳಿಸಿ ಎಂದು ಹೆಣ್ಣಿನ ತಂದೆ ಕೇಳಿದ್ದರು. ಬಸ್ಸಿನಲ್ಲಿ ಮೇಷ್ಟ್ರು, "ಸರಿಸಿದ್ದೆ ತಾನೇ?" ಎಂದರು. ಸರಿಸಿದ್ದೆ ಎಂದೆ. ಸುಳ್ಳಲ್ಲವಲ್ಲ, ಒಂದು ಸಲ ಸರಿಸಿದ್ದೆನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅದೇ ಜಗಲಿಯ ಮೇಲೆ ಏಳೆಂಟು ಜನ ಕೂತಿದ್ದರು. ಮುಳಬಾಗಿಲಿನ ಅರ್ಚಕರ ಮಗ ಎಂದು ಮೇಷ್ಟ್ರು ನನ್ನನ್ನು ಪರಿಚಯಿಸಿದರು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುತ್ತು ಸುತ್ತಾಗಿ ಹೆಣೆದ ದೊಡ್ಡ ತಟ್ಟೆ. ಅವುಗಳನ್ನು ಸಾಲಾಗಿ ಗೋಡೆಗೆ ನಿಲ್ಲಿಸಿದ್ದರು. ಗೂಡುಗಳು ಇದ್ದವು, ಆದರೆ ಒಳಗಿನ ಹುಳ ಕಾಣುವಷ್ಟು ಜಾಳು. ಹೆಚ್ಚಿನವು ಗೂಡೇ ಕಟ್ಟದೆ ಕಪ್ಪಾಗಿ ಅಂಟಿಕೊಂಡಿದ್ದವು. ಕೊಳೆತ ವಾಸನೆ ಬರುತ್ತಿತ್ತು. ಅಜ್ಜಿ ಹತ್ತಿರ ಬಂದು, "ನಾಯನಾ, ನೀನು ಡಬ್ಬ ಅಂಗಳದಲ್ಲೇ ಬಿಟ್ಟಿದ್ಯಾ, ಮತ್ತೆ ಗೋಡೆಗೆ ತಂದ್ಯಾ? ದೇವರಿಟ್ಟಂಗೆ ಹೇಳ್ಬಿಡು," ಎಂದರು.

"ತರ್ಲಿಲ್ಲ ಅಜ್ಜಿ. ಅಲ್ಲೇ ಇತ್ತು."

ಬಾಗಿಲ ಸಂದಿಯಲ್ಲಿ ನಿಂತಿದ್ದ ಸೊಸೆ ಆಗ ಮುಂದೆ ಬಂದಳು. "ಇಲ್ಲ ಅತ್ತೆ, ಇವ್ರು ಇನ್ನೊಬ್ರನ್ನ ಕರ್ಕೊಂಡು ಎತ್ತಿ ಇಟ್ರು. ನಾನು ನೋಡ್ದೆ. ಗೋಡೆ ಅದುರ್ತಿತ್ತು. ಕಿಟಕೀಲಿ ಹುಳ ಉದುರೋದು ನೋಡಿ ತಡಿಯಕ್ಕಾಗ್ದೆ ಒಳಗೆ ಹೋಗಿ ಎತ್ತಿ ಎತ್ತಿ ಚಂದ್ರಿಕೆಗೆ ಬಿಟ್ಟೆ," ಎಂದಳು.

ಯಾರೂ ಪೆಟ್ಟಿಗೆಯ ಮಾತು ಮತ್ತೆ ಎತ್ತಲಿಲ್ಲ. "ಒಳಕ್ಕೆ ಹೋಗಿದ್ಯಾ? ಹೊರಗೆ ಕೂತೋಳು?" ಎಂದು ಗಂಡ ಕೇಳಿದ. ಹುಳದ ಮನೆಗೆ ಅಂಥ ದಿನ ಹೆಂಗಸು ಕಾಲಿಟ್ಟರೆ ಹುಳ ಉಳಿಯುವುದಿಲ್ಲ ಎನ್ನುವುದು ಅಲ್ಲಿ ಎಲ್ಲರೂ ನಂಬಿದ್ದ ಮಾತು. ಅವಳು ಹೌದು ಎಂದಳು. ಡಬ್ಬದ ವಿಷಯ ಮತ್ತೆ ಹೇಳಲು ಹೋದಾಗ ಅಲ್ಲಿದ್ದ ಹಿರಿಯರೊಬ್ಬರು ಗದರಿಸಿದರು. "ಸುಮ್ಕಿರಮ್ಮ. ತಪ್ಪು ಮಾಡಿ ಇನ್ನೊಬ್ರ ಮೇಲೆ ಹಾಕ್ತೀಯಾ? ಅಯ್ನೋರ ಮಗ ಸುಳ್ಳು ಹೇಳ್ತಾನೇನೇ?"

ಅವಳು ನನ್ನ ಮುಖ ನೋಡಿದಳು. ನಾನು ಚಂದ್ರಿಕೆ ನೋಡುತ್ತಿದ್ದೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆ ಊರಿನವರು ನನ್ನನ್ನು ಹೆಚ್ಚೆಂದರೆ ಬೈಯುತ್ತಿದ್ದರು. ಮೇಷ್ಟ್ರು ಗೋಷ್ಠಿಯಿಂದ ಬಿಡಿಸುತ್ತಿದ್ದರು. ಅಷ್ಟೇ. ಆ ಅಷ್ಟಕ್ಕೆ ಹೆದರಿ ಸುಮ್ಮನಿದ್ದೆ. ಆಮೇಲೆ ರೇಷ್ಮೆ ಇಲಾಖೆಯ ಪರಿಚಯದವರೊಬ್ಬರನ್ನು ಕೇಳಿದಾಗ, ಸಪ್ಪೆ ರೋಗ ಬಂದರೂ ಹಾಗೇ ಕಪ್ಪಾಗಿ ಸಾಯುತ್ತವೆ, ಸದ್ದಿನಿಂದಲೇ ಎಂದು ಹೇಳಲಾಗದು ಎಂದರು. ಇರಬಹುದು. ಆದರೆ ಅಜ್ಜಿ ನನ್ನನ್ನು ಕೇಳಿದ್ದು ಹುಳ ಏಕೆ ಸತ್ತವು ಎಂದಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಅವಳೂ ಬಂದಳು, ಕೈಯಲ್ಲಿ ಬಟ್ಟೆಯ ಗಂಟು. ತವರಿಗೆ ಕಳಿಸಲು ಕರೆತಂದ ಗಂಡ, ಅವಳು ಗಂಟು ಕೆಳಗಿಡುವವರೆಗೂ ನಿಲ್ಲದೆ ತಿರುಗಿ ಹೋದ. ಮೇಷ್ಟ್ರು ಬೀಡಿ ಹಚ್ಚಲು ಅಂಗಡಿಯ ಕಡೆ ಹೋಗಿದ್ದರು. ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಬೈಯಲಿಲ್ಲ. "ಅಯ್ನೋರೆ, ಇವ್ರಿಗೆ ಹೇಳೋದು ಬೇಡ, ಬಿಡಿ. ನಮ್ಮಮ್ಮನಿಗೆ ಮಾತ್ರ ಒಂದ್ಸಲ ಬಂದು ಹೇಳ್ಬಿಡಿ. ನಾನು ಹೇಳಿದ್ರೆ ಅವಳೂ ನಂಬಲ್ಲ," ಎಂದಳು. ಶ್ರೀನಿವಾಸಪುರದ ಆಚೆ ಊರಿನ ಹೆಸರು, ಬಸ್ಸು ಇಳಿಯುವ ಜಾಗ, ಮನೆಯ ಗುರುತು ಎಲ್ಲ ಹೇಳಿದಳು. ಬರ್ತೀನಿ, ಮುಂದಿನ ವಾರವೇ ಬರ್ತೀನಿ ಎಂದೆ. ಆಗ ಹೋಗುವ ಮನಸ್ಸು ನಿಜವಾಗಿ ಇತ್ತು.

ಹೋಗಲಿಲ್ಲ. ಮುಂದಿನ ವಾರ ಮಾಲೂರಿನಲ್ಲಿ ಕಾರ್ಯಕ್ರಮ ಬಂತು, ಅದರ ಮುಂದಿನ ವಾರ ನಂಗಲಿಯಲ್ಲಿ. ನನಗೆ ಹೆಸರು ಬಂದಿತ್ತು. ಗೋಡೆಯ ಮೂಲೆಗೆ ಮಾತ್ರ ಮತ್ತೆ ಪೆಟ್ಟಿಗೆ ಇಡಲಾಗಲಿಲ್ಲ, ಕೈ ಬರುತ್ತಿರಲಿಲ್ಲ. ಮಾಲೂರಿನ ಬಡಗಿಯ ಹತ್ತಿರ ಎರಡು ಅಗಲದ ಹಲಗೆ ಮಾಡಿಸಿ, ಕೀಲು ಹಾಕಿಸಿ, ಪೆಟ್ಟಿಗೆಯ ಹಿಂದೆ ಪುಸ್ತಕ ತೆರೆದಂತೆ ನಿಲ್ಲಿಸತೊಡಗಿದೆ. ಮಣ್ಣಿನ ಗೋಡೆಯಷ್ಟಲ್ಲದಿದ್ದರೂ ಸಾಕಷ್ಟು ಕೇಳುತ್ತಿತ್ತು. ಒಂದು ಮಧ್ಯಾಹ್ನದ ಕೆಲಸ ಅದು. ಮೊದಲೇ ಮಾಡಿಸಬಹುದಿತ್ತು.

ಎರಡು ವರ್ಷದ ಮೇಲೆ ಶ್ರೀನಿವಾಸಪುರದಲ್ಲಿ ಮಾವಿನ ವ್ಯಾಪಾರಿಯೊಬ್ಬರ ಮನೆ ಮದುವೆ. ಮಧ್ಯಾಹ್ನ ಚಪ್ಪರದಲ್ಲಿ ವೈರು ಜೋಡಿಸುತ್ತಾ ಕೂತಿದ್ದೆ. ಗಿಟಾರ್ ಇನ್ನೂ ಚೀಲದೊಳಗೆ ಇತ್ತು. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ನೀವು ಕೋಲಾರದ ಪಾರ್ಟಿನಾ? ನಿಮ್ಮಲ್ಲಿ ದಪ್ಪ ತಂತಿ ಗಿಟಾರು ಬಾರ್ಸೋ ಅಯ್ನೋರ ಹುಡುಗ ಯಾರು ನಾಯನಾ?" ಎಂದು ಕೇಳಿದರು.

ಯಾಕಮ್ಮ ಎಂದೆ.

"ನನ್ನ ಮಗಳು ಗಂಡನ ಮನೆ ಬಿಟ್ಟು ಬಂದವಳೆ. ಅವನು ಇನ್ನೊಂದು ಮದ್ವೆ ಆದ. ಇವಳೇ ತಪ್ಪು ಮಾಡಿದ್ಲು ಅಂತ ನಾನೂ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಆ ಹುಡುಗ ಬಂದು ನಿಜ ಹೇಳ್ತಾನೆ ಅಂತ ಮೊದಮೊದಲು ದಿನಾ ಅನ್ನೋಳು. ಈಗ ಅನ್ನಲ್ಲ. ನನ್ನ ಜೊತೆ ಮಾತೇ ಆಡಲ್ಲ."

ನಾನೇ ಎನ್ನುವ ಎರಡಕ್ಷರ ಬಾಯಿಯ ತನಕ ಬಂದಿತ್ತು. ಚಪ್ಪರದ ಆ ತುದಿಯಲ್ಲಿ ಮೇಷ್ಟ್ರು ಅಕಾರ್ಡಿಯನ್ ನುಡಿಸಿ ನೋಡುತ್ತಿದ್ದರು.

"ಅವನು ನಮ್ಮ ಪಾರ್ಟಿ ಬಿಟ್ಟುಹೋದನಮ್ಮ," ಎಂದೆ.

"ಹೌದಾ," ಎಂದರು. "ಎಲ್ಲಾದ್ರೂ ಸಿಕ್ಕಿದ್ರೆ ಹೇಳು ನಾಯನಾ. ಬರೋದೇನೂ ಬೇಡ, ಒಂದು ಕಾಗದ ಹಾಕಿದ್ರೂ ಸಾಕು. ಪೋಸ್ಟಿನೋರು ಓದಿ ಹೇಳ್ತಾರೆ." ಊರಿನ ಹೆಸರು ಹೇಳಿದರು. ಗೊತ್ತಿಲ್ಲದವನ ಹಾಗೆ ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡೆ.